ಗುಂಡಿ ಹಾಕಲಾಗುತ್ತದೆ

ಮಸಾಯೆ: ಇವತ್ತೊಂದು ದಿನ ಫೇಲಾದ್ರೆ ನಿಮ್ಮ ಗಂಟೇನು ಹೋಗುತ್ತೆ?

ನಾನು: ಮೂವತ್ತೆಂಟು ವರ್ಷ ಮಕ್ಕಳಿಗೆ ಅಂಕ ಹಾಕಿದವನು ಕಣೇ ನಾನು. ಫೇಲಾಗೋದು ಹೇಗೆ ಅಂತಲೇ ನನಗೆ ಗೊತ್ತಿಲ್ಲ.

ಮಸಾಯೆ: ಗೊತ್ತಿಲ್ಲದೆ ಏನು? ಬೆಳಿಗ್ಗೆ ಮಿಸೊ ಸಾರಿನ ಬಟ್ಟಲನ್ನ ಮಡಿಲಿಗೆ ಸುರ್ಕೊಂಡ್ರಲ್ಲ, ಹಾಗೆ. ಅದನ್ನೇ ಇನ್ನೊಂದು ಸಲ ಅವರ ಮುಂದೆ ಮಾಡಿ, ಸಾಕು.

ನಾನು: ಅದು ಅಕಸ್ಮಾತ್ತು.

ಮಸಾಯೆ: ನಿನ್ನೇದೂ ಅಕಸ್ಮಾತ್ತು, ಮೊನ್ನೇದೂ ಅಕಸ್ಮಾತ್ತು. ಇವತ್ತು ಮಾತ್ರ ಅಕಸ್ಮಾತ್ತು ಆಗಕೂಡದು ಅಂತ ಹಟ ಹಿಡಿದು ಕೂತಿದ್ದೀರ.

ನಾನು ಇಗರಾಶಿ ತೊಕುಜಿ, ಮಸಾಯೆಯ ಗಂಡ. ಕಾಮಿನೊಯಾಮಾದ ಶಾಲೆಯೊಂದರಲ್ಲಿ ವ್ಯಾಕರಣ ಹೇಳಿಕೊಟ್ಟು ನಿವೃತ್ತನಾದವನು. ಈ ಏಪ್ರಿಲಿನಲ್ಲಿ ತಲೆಯೊಳಗೆ ಎಲ್ಲೋ ಒಂದು ಕಡೆ ರಕ್ತ ಹೆಪ್ಪುಗಟ್ಟಿತು. ಅಂದಿನಿಂದ ನನ್ನ ಬಲಗೈ ಹಿಂದಿನ ಬೆಂಚಿನ ಹುಡುಗನಂತಾಗಿದೆ. ಹೆಸರು ಹಿಡಿದು ಮೂರು ಸಲ ಕರೆದರೆ ಒಮ್ಮೆ ತಲೆಯೆತ್ತುತ್ತದೆ, ಅದೂ ಕಿಟಕಿಯ ಕಡೆಗೆ. ಅದನ್ನು ತಿದ್ದಲು ಜುಲೈಯಿಂದ ಪ್ರತಿ ಗುರುವಾರ ತೊಗಾಶಿ ಎಂಬ ಹೆಣ್ಣುಮಗಳು ಮನೆಗೆ ಬರುತ್ತಾಳೆ. ಅವಳ ವಿದ್ಯೆಗೆ ಕೆಲಸದ ಚಿಕಿತ್ಸೆ ಎಂದು ಹೆಸರು. ಮೊದಲ ದಿನ ನಾನು, 'ಕೆಲಸ ಬಿಟ್ಟು ಹದಿನಾಲ್ಕು ವರ್ಷವಾಯಿತಮ್ಮ, ಇನ್ನು ಯಾವ ಕೆಲಸಕ್ಕೆ ಸೇರಿಸುತ್ತೀ?' ಎಂದು ಕೇಳಿದ್ದೆ. ಉಣ್ಣುವುದು, ಉಡುವುದು, ಹಲ್ಲುಜ್ಜುವುದು ಎಲ್ಲವೂ ಕೆಲಸವೇ ಎಂದಿದ್ದಳು.

ಇಂದು ಅವಳು ಎಲ್ಲವನ್ನೂ ಮೊದಲಿನಿಂದ ನೋಡಿ, ಚಿಕಿತ್ಸೆ ಮುಂದುವರಿಯಬೇಕೇ ನಿಲ್ಲಬೇಕೇ ಎಂದು ಬರೆಯುವ ದಿನ. ನಾನು ಇದನ್ನು ವಾರ್ಷಿಕ ಪರೀಕ್ಷೆ ಎಂದುಕೊಂಡು, ನಿನ್ನೆಯಿಡೀ ಊಟದ ಕಡ್ಡಿಗಳಿಂದ ಬೇಯಿಸಿದ ಸೋಯಾ ಕಾಳನ್ನು ಒಂದು ತಟ್ಟೆಯಿಂದ ಇನ್ನೊಂದಕ್ಕೆ ಎತ್ತಿಹಾಕುವ ಅಭ್ಯಾಸ ಮಾಡಿದ್ದೆ. ನಾಲ್ಕು ಕಾಳು ಎರಡನೆಯ ತಟ್ಟೆ ಸೇರಿದವು. ಮಿಕ್ಕವನ್ನು ಬೆಕ್ಕು ತಿಂದಿತು.

ಮಸಾಯೆ: ಎಲ್ಲಾ ಚೆನ್ನಾಗಿದೆ ಅಂತ ನೀವು ಮೆರೆದ್ರೆ, ಸರಿ ಹಾಗಾದ್ರೆ ಅಂತ ಅವರು ಬರೋದು ನಿಲ್ಲಿಸ್ತಾರೆ. ಆಮೇಲೆ ಹಿತ್ತಲಿನ ಕಾಕಿ ಹಣ್ಣು ಯಾರು ಸುಲೀತಾರೆ?

ನಾನು: ಶನಿವಾರ ಸೆಕಿನೆ ಬಂದು ಎಲ್ಲಾ ಕುಯ್ಕೊಂಡು ಹೋಗ್ತಾನಲ್ಲ. ಪಕ್ಕದ ಮನೆಯವನಿಗೆ ಕೊಡೋ ಮಾತಾಡಿದವಳು ನೀನು.

ಮಸಾಯೆ: ಈ ವರ್ಷ ಕಾಕಿ ಇಲ್ಲದಿದ್ರೂ ಪರವಾಗಿಲ್ಲ ಅಂದವರು ನೀವು.

ನಾನು: ಪರವಾಗಿಲ್ಲ ಅಂದ್ರೆ ಪರವಾಗಿಲ್ಲ ಅಂತ ಅರ್ಥವಾ?

ಮಸಾಯೆ: ಮತ್ತೇನು? ಅನ್ನ ಬಡಿಸ್ಲಾ ಅಂದ್ರೆ ಪರವಾಗಿಲ್ಲ, ಬೇಡ್ವಾ ಅಂದ್ರೆ ಪರವಾಗಿಲ್ಲ. ಆಂಬುಲೆನ್ಸಿನಲ್ಲಿ ಮಲಗಿಸಿದಾಗಲೂ ಪರವಾಗಿಲ್ಲ ಅಂದ್ರಿ. ಅವರು ಪಾಪ, ವಾಪಸ್ ಇಳಿಸೋಕೇ ಹೊರಟಿದ್ರು.

ನಮ್ಮ ಕಾಕಿ ಒಗರು ಜಾತಿಯದು. ಮರದಿಂದ ಕಿತ್ತು ಕಚ್ಚಿದರೆ ನಾಲಿಗೆ ಸಂಜೆಯವರೆಗೆ ಮಾತಾಡುವುದಿಲ್ಲ. ಸಿಪ್ಪೆ ಸುಲಿದು, ಹಗ್ಗಕ್ಕೆ ಕಟ್ಟಿ, ಸೂರಿನಡಿ ತೂಗುಬಿಟ್ಟರೆ ಹೊಸ ವರ್ಷದ ಹೊತ್ತಿಗೆ ಬೆಲ್ಲವಾಗುತ್ತದೆ. ಮದುವೆಯಾದ ವರ್ಷದಿಂದ ಸುಲಿಯುವವನು ನಾನು, ಕಟ್ಟುವವಳು ಮಸಾಯೆ. ನನ್ನ ಚಾಕುವಿನಡಿ ಸಿಪ್ಪೆ ತೊಟ್ಟಿನಿಂದ ಬುಡದವರೆಗೆ ಎಲ್ಲಿಯೂ ತುಂಡಾಗದೆ ರಿಬ್ಬನ್ನಿನಂತೆ ಇಳಿಯುತ್ತಿತ್ತು. ಇದೊಂದು ಜಂಬ ಬಿಟ್ಟರೆ ನನ್ನ ಬಲಗೈಗೆ ಬೇರೆ ಬಿರುದಿರಲಿಲ್ಲ. ಈ ವರ್ಷವೂ ಸುಲಿಯಬೇಕು ಎಂದು ನನಗೆ ಎಷ್ಟು ಆಸೆಯಿತ್ತೆಂದರೆ, ಅದನ್ನು ಯಾರಿಗೂ ಹೇಳಿರಲಿಲ್ಲ. ಹೇಳಿ, ಆಮೇಲೆ ಆಗದೆ ಹೋದರೆ?

ಬಾಗಿಲು ಸರಿಯಿತು. ತೊಗಾಶಿ ಚಪ್ಪಲಿ ಬಿಟ್ಟು, ದೊಡ್ಡ ಕ್ಯಾನ್ವಾಸ್ ಚೀಲದೊಂದಿಗೆ ಒಳಗೆ ಬಂದು ಮೇಜಿನ ಮುಂದೆ ಮಂಡಿಯೂರಿ ಕೂತಳು.

ಮಸಾಯೆ: ಬನ್ನಿ ಮೇಷ್ಟ್ರೇ. ಚಳಿ ಅಲ್ವಾ?

ನಾನು: ಹೌದು, ಚಳಿ.

ಮಸಾಯೆ: ನಿಮ್ಮನ್ನಲ್ಲ, ಅವರನ್ನ ಕೇಳಿದ್ದು.

ನಮ್ಮಲ್ಲಿ ಪಾಠ ಹೇಳುವವರೂ ಮೇಷ್ಟ್ರೇ, ಕೈಕಾಲು ತಿದ್ದುವವರೂ ಮೇಷ್ಟ್ರೇ. ನಾಲ್ಕು ತಿಂಗಳಿನಿಂದ ಈ ಮನೆಯಲ್ಲಿ ಆ ಪದಕ್ಕೆ ಇಬ್ಬರು ವಾರಸುದಾರರು. ಕರೆದಾಗ ಮೊದಲು ತಲೆಯೆತ್ತುವವನು ಮಾತ್ರ ಯಾವಾಗಲೂ ನಾನೇ.

ತೊಗಾಶಿ: ಶುರು ಮಾಡೋಣ್ವಾ? ಊಟ ಹೇಗೆ ನಡೀತಿದೆ ಮೇಷ್ಟ್ರೇ?

ನಾನು: ಮಾಡಬಲ್ಲೆ.

ತೊಗಾಶಿ: ಸ್ನಾನ?

ನಾನು: ಮಾಡಬಲ್ಲೆ.

ತೊಗಾಶಿ: ಬಟ್ಟೆ?

ನಾನು: ತೊಡಬಲ್ಲೆ.

ಮಸಾಯೆ: ಸುಳ್ಳು ಹೇಳಬಲ್ಲರು. ಅದನ್ನೂ ಬರ್ಕೊಳಿ.

ತೊಗಾಶಿ: ಇರಲಿ ಅಮ್ಮ. ನನ್ನ ಹಾಳೇಲಿ ಎರಡು ಕಾಲಂ ಇದೆ. ಒಂದರ ಮೇಲೆ 'ಮಾಡಬಲ್ಲರು', ಇನ್ನೊಂದರ ಮೇಲೆ 'ಮಾಡುತ್ತಿದ್ದಾರೆ'. ಮೊದಲನೇದು ತುಂಬಿತು. ಈಗ ಎರಡನೇದಕ್ಕೆ ಹೇಳಿ. ದಿನಾ ಬೆಳಿಗ್ಗೆ ಏನಾಗುತ್ತೆ?

ಎರಡು ಕ್ರಿಯಾಪದಗಳ ನಡುವಿನ ಈ ವ್ಯತ್ಯಾಸವನ್ನು ಕರಿಹಲಗೆಯ ಮೇಲೆ ನಾನು ಎಷ್ಟು ಸಲ ಬರೆದಿರಬಹುದೋ ಲೆಕ್ಕವಿಲ್ಲ. ಅದೇ ಒಂದು ದಿನ ಚೀಲ ಹೊತ್ತು ಮನೆಗೆ ಬಂದು ನನ್ನ ಅಂಗಿ ಹಿಡಿದು ಕೇಳುತ್ತದೆ ಎಂದುಕೊಂಡಿರಲಿಲ್ಲ. ಕೂಡಲೇ ಮಾನವಂತರು ಅಡಗುವ ಜಾಗದಲ್ಲಿ ಅಡಗಿದೆ. ಅದು ಕರ್ಮಣಿ ಪ್ರಯೋಗ.

ನಾನು: ಬೆಳಿಗ್ಗೆ ಏಳು ಗಂಟೆಗೆ ಅಂಗಿ ತೊಡಲಾಗುತ್ತದೆ. ತರುವಾಯ ಗುಂಡಿ ಹಾಕಲಾಗುತ್ತದೆ.

ತೊಗಾಶಿ: ಯಾರಿಂದ?

ನಾನು: ಕರ್ಮಣಿ ಪ್ರಯೋಗದಲ್ಲಿ ಕರ್ತೃವನ್ನು ಹೇಳಲೇಬೇಕು ಅನ್ನೋ ನಿಯಮ ಇಲ್ಲಮ್ಮ.

ತೊಗಾಶಿ: ನಿಮ್ಮ ವ್ಯಾಕರಣದಲ್ಲಿ ಇಲ್ಲದಿರಬಹುದು ಮೇಷ್ಟ್ರೇ. ನನ್ನ ಹಾಳೇಲಿ ಇದೆ.

ಮಸಾಯೆ: ನನ್ನಿಂದ. ಗುಂಡಿ ನನ್ನಿಂದ, ಕಾಲುಚೀಲ ನನ್ನಿಂದ, ಮೀನಿನ ಮುಳ್ಳು ತೆಗೆಯೋದು ನನ್ನಿಂದ. ಬೈಗುಳ ಮಾತ್ರ ಅವರಿಂದ.

ತೊಗಾಶಿ ನಗಲಿಲ್ಲ. ಚೀಲದಿಂದ ಒಂದು ಅಂಗಿ ತೆಗೆದು ನನ್ನ ಮುಂದಿಟ್ಟಳು. ನಾನು ಸ್ವೆಟರಿನ ಮೇಲೆಯೇ ಅದನ್ನು ತೊಟ್ಟೆ. ಮೊದಲ ಗುಂಡಿಯನ್ನು ಹಿಡಿದೆ. ಗುಂಡಿಯೂ ನಾನೂ ಪರಸ್ಪರ ಪರಿಚಯ ಮಾಡಿಕೊಳ್ಳುವಷ್ಟರಲ್ಲಿ ಪಕ್ಕದಿಂದ ಒಂದು ಕೈ ಬಂದು ಅದನ್ನು ತೂತಿನೊಳಗೆ ದಾಟಿಸಿತು. ಎರಡನೆಯದಕ್ಕೂ ಹಾಗೆಯೇ ಆಯಿತು. ಮೂರನೆಯದನ್ನು ನಾನು ಮುಟ್ಟುವುದರೊಳಗೆ ಹಾಕಿಯಾಗಿತ್ತು.

ತೊಗಾಶಿ: ಮೊದಲನೇ ಗುಂಡಿ, ಮೇಷ್ಟ್ರು ಆರು ಸೆಕೆಂಡ್. ಎರಡನೇದು, ನಾಲ್ಕು ಸೆಕೆಂಡ್. ಮೂರನೇದು, ಸೊನ್ನೆ.

ನಾನು: ನೋಡಿದೆಯಾ, ಬರ್ತಾ ಬರ್ತಾ ವೇಗ ಹೆಚ್ಚುತ್ತಿದೆ.

ತೊಗಾಶಿ: ಅಮ್ಮನ ವೇಗ ಮೇಷ್ಟ್ರೇ. ಅಮ್ಮ, ನೀವು ಕೈ ಹಾಕಿದ್ದು ನಿಮಗೆ ಗೊತ್ತಾಯ್ತಾ?

ಮಸಾಯೆ: ನಾನಾ? ನಾನೆಲ್ಲಿ ಹಾಕಿದೆ?

ಅವಳ ಬೆರಳುಗಳು ಆಗ ನಾಲ್ಕನೆಯ ಗುಂಡಿಯ ಮೇಲಿದ್ದವು. ಅವಳು ಅವನ್ನು ನೋಡಿದಳು, ಮೆಲ್ಲನೆ ಹಿಂದಕ್ಕೆ ತೆಗೆದುಕೊಂಡಳು.

ಮಸಾಯೆ: ನನಗೆ ನೋಡೋಕಾಗಲ್ಲ ಮೇಷ್ಟ್ರೇ. ಕಾಕಿ ಸಿಪ್ಪೇನ ಒಂದೇ ಎಳೇಲಿ ಇಳಿಸ್ತಿದ್ದ ಕೈ ಇದು. ಒಂದು ಗುಂಡಿಗೆ ಇಷ್ಟು ಒದ್ದಾಡೋದನ್ನ ಕೂತು ನೋಡು ಅಂದ್ರೆ, ಹೇಗೆ ನೋಡ್ಲಿ?

ನಾನು ಹಿತ್ತಲಿನ ಕಡೆ ನೋಡಿದೆ.

ತೊಗಾಶಿ: ಮೇಷ್ಟ್ರೇ, ಪ್ರತಿ ಸಲ ಕೇಳೋ ಪ್ರಶ್ನೇನೇ. ಮತ್ತೆ ಮಾಡಬೇಕು ಅಂತ ನಿಮಗೆ ಆಸೆ ಇರೋ ಕೆಲಸ ಯಾವುದು?

ನಾನು: ಪತ್ರಿಕೆಗೆ ಓದುಗರ ಪತ್ರ ಬರೆಯಬೇಕು. ಭಾಷೆ ಕೆಡುತ್ತಿರುವುದರ ಬಗ್ಗೆ.

ಮಸಾಯೆ: ಹದಿನಾಲ್ಕು ವರ್ಷದಲ್ಲಿ ಒಂದೂ ಬರೆದಿಲ್ಲ. ಆಗ ಕೈಗೇನಾಗಿತ್ತು?

ತೊಗಾಶಿ: ಬೇರೇನೂ ಇಲ್ವಾ?

ನಾನು: ಇಲ್ಲ. ಪರವಾಗಿಲ್ಲ.

ತೊಗಾಶಿ: ಯಾವ ಪರವಾಗಿಲ್ಲ? ಬೇಕು ಅನ್ನೋ ಪರವಾಗಿಲ್ವಾ, ಬೇಡ ಅನ್ನೋ ಪರವಾಗಿಲ್ವಾ?

ನನ್ನ ಕಣ್ಣು ಮತ್ತೆ ಹಿತ್ತಲಿನ ಮರದ ಕಡೆ ಹೋಯಿತು.

ತೊಗಾಶಿ: ನಾನು ಬಂದಾಗಿನಿಂದ ಏಳು ಸಲ ಆ ಮರದ ಕಡೆ ನೋಡಿದ್ರಿ. ಅದನ್ನೂ ಬರ್ಕೊಂಡಿದ್ದೀನಿ.

ನಾಲ್ಕು ತಿಂಗಳು ಈ ಹುಡುಗಿ ನನ್ನ ಕೈಯನ್ನು ನೋಡುತ್ತಿದ್ದಾಳೆ ಎಂದುಕೊಂಡಿದ್ದೆ. ನೋಡುತ್ತಿದ್ದದ್ದು ಕಣ್ಣನ್ನು. ಪರೀಕ್ಷಾ ಕೊಠಡಿಯಲ್ಲಿ ನಾನೂ ಹಾಗೆಯೇ ಕಾಪಿ ಹೊಡೆಯುವವರನ್ನು ಹಿಡಿಯುತ್ತಿದ್ದೆ.

ನಾನು: ಒಂದು ಹಣ್ಣು. ಒಂದೇ ಒಂದು ಸುಲಿದರೆ ಸಾಕಿತ್ತು.

ತೊಗಾಶಿ ಎದ್ದು ಹಿತ್ತಲಿಗೆ ಹೋಗಿ ಒಂದು ಕಾಕಿ ತಂದಳು. ಅಡುಗೆಮನೆಯಿಂದ ತರಕಾರಿ ಸಿಪ್ಪೆ ಹೆರೆಯುವ ಪೀಲರ್ ತಂದು, ಅದರ ಹಿಡಿಗೆ ಚೀಲದಲ್ಲಿದ್ದ ಸ್ಪಂಜಿನ ಕೊಳವೆ ತೊಡಿಸಿದಳು. ಆಮೇಲೆ ಒಂದು ಸಣ್ಣ ಹಲಗೆ ಹೊರಬಂತು, ಮಧ್ಯದಲ್ಲಿ ಮೊನೆ ಮೇಲಾಗಿ ಮೊಳೆ. ಮೊಳೆಗೆ ಹಣ್ಣನ್ನು ಚುಚ್ಚಿ ಕೂರಿಸಿದಳು. ಈ ಸಾಮಾನೆಲ್ಲ ಎಷ್ಟು ಗುರುವಾರಗಳಿಂದ ಚೀಲದಲ್ಲಿ ಕಾದಿತ್ತೋ ನಾನು ಕೇಳಲಿಲ್ಲ.

ನಾನು: ಪೀಲರಾ? ನಲವತ್ತೆಂಟು ವರ್ಷ ಚಾಕು ಹಿಡಿದವನು ನಾನು.

ತೊಗಾಶಿ: ಅದು ಮೊದಲನೇ ಕಾಲಂ ಮೇಷ್ಟ್ರೇ. ನಾವೀಗ ಎರಡನೇದರಲ್ಲಿದ್ದೀವಿ. ಅಮ್ಮ, ಇವತ್ತಿನ ಚಿಕಿತ್ಸೆ ನಿಮಗೆ.

ಮಸಾಯೆ: ನನಗೇನಾಗಿದೆ?

ತೊಗಾಶಿ: ಎರಡೂ ಕೈ ರಜಾಯಿ ಒಳಗೆ. ನಾನು ಹೇಳೋವರೆಗೂ ಹೊರಗೆ ತೆಗೆಯೋ ಹಾಗಿಲ್ಲ.

ಕಾಲು ಬೆಚ್ಚಗಿರಲಿ ಎಂದು ಮೇಜಿಗೆ ಹೊದಿಸಿದ್ದ ರಜಾಯಿಯೊಳಗೆ ಮಸಾಯೆ ಮಣಿಕಟ್ಟಿನವರೆಗೆ ಕೈ ತೂರಿಸಿ ಕೂತಳು. ನಾನು ಪೀಲರ್ ಹಿಡಿದೆ. ಮೊದಲ ಎಳೆತಕ್ಕೆ ಗಾಳಿ ಸುಲಿಯಿತು. ಎರಡನೆಯದಕ್ಕೆ ಹಲಗೆ. ಮೂರನೆಯದಕ್ಕೆ ಹೆಬ್ಬೆರಳಿನುಗುರಿನಷ್ಟು ಸಿಪ್ಪೆ ಹಾರಿ ತೊಗಾಶಿಯ ಹಾಳೆಯ ಮೇಲೆ ಬಿತ್ತು. ರಜಾಯಿ ಒಳಗಿನಿಂದ ಒದ್ದಾಡಿತು.

ತೊಗಾಶಿ: ಅಮ್ಮ.

ಮಸಾಯೆ: ತುರಿಕೆ ಅಷ್ಟೆ.

ನಾನು: ಸೆಕಿನೆ ನೋಡಿದ್ರೆ ನಗ್ತಾನೆ.

ಮಸಾಯೆ: ಅವನಿಗೆ ಫೋನ್ ಮಾಡಿ ಬರಬೇಡ ಅಂತೀನಿ. ಅದಕ್ಕೆ ಕೈ ಬೇಕಲ್ಲ. ಬೇಗ ಮುಗಿಸಿ.

ಇಪ್ಪತ್ತೆರಡು ನಿಮಿಷ ಹಿಡಿಯಿತು. ರಿಬ್ಬನ್ನಿನ ಮಾತು ಬಿಡಿ, ಸಿಪ್ಪೆ ಎಷ್ಟು ಚೂರಾಗಿ ಬಿದ್ದಿತೆಂದರೆ ಚಾಪೆಯ ಮೇಲೆ ಮದುವೆ ನಡೆದಂತಿತ್ತು. ದುಂಡಗೆ ಬಂದಿದ್ದ ಹಣ್ಣು ಆರು ಮೂಲೆಯದಾಗಿತ್ತು. ಆದರೆ ಸಿಪ್ಪೆ ಎಲ್ಲಿಯೂ ಉಳಿದಿರಲಿಲ್ಲ. ಮಸಾಯೆ ಅದನ್ನು ಎಲ್ಲ ಮಗ್ಗುಲಿನಿಂದಲೂ ಬಗ್ಗಿ ಬಗ್ಗಿ ನೋಡಿದಳು.

ಮಸಾಯೆ: ಇದನ್ನ ಎಲ್ಲಿಗೆ ದಾರ ಕಟ್ಲಿ? ಯಾವುದು ತೊಟ್ಟು, ಯಾವುದು ಬುಡ?

ಅವಳ ದನಿ ಸರಿಯಿರಲಿಲ್ಲ. ಮೂಗು ಒರೆಸಿಕೊಳ್ಳಲು ಕೈ ಇಲ್ಲದ್ದರಿಂದ ರಜಾಯಿಯ ಅಂಚಿಗೇ ಮುಖ ಒತ್ತಿಕೊಂಡಳು.

ತೊಗಾಶಿ: ಹೊಸ ವರ್ಷದವರೆಗೆ ಗುರುವಾರ ಬರ್ತೀನಿ ಅಂತ ಬರೀತಿದ್ದೀನಿ. ಎರಡನೇ ಕಾಲಮಿಗೆ ಒಂದು ವಾಕ್ಯ ಹೇಳಿ ಮೇಷ್ಟ್ರೇ. ಇವತ್ತು ಏನಾಯ್ತು?

ನಾನು: ಕಾಕಿ ಹಣ್ಣನ್ನು…

ಇಬ್ಬರೂ ನನ್ನ ಮುಖ ನೋಡಿದರು.

ನಾನು: ನಾನು ಸುಲಿದೆ.

ತೊಗಾಶಿ ಬರೆದುಕೊಂಡಳು. ಕರ್ತೃ, ಕರ್ಮ, ಕ್ರಿಯಾಪದ ಎಲ್ಲವೂ ತಮ್ಮ ತಮ್ಮ ಜಾಗದಲ್ಲಿದ್ದ ವಾಕ್ಯವನ್ನು ನಾನು ಆಡಿ ಏಳು ತಿಂಗಳಾಗಿತ್ತು. ನಿವೃತ್ತನಾದ ದಿನ ಮಾಡಿದ ಭಾಷಣಕ್ಕಿಂತ ಇದು ಚೆನ್ನಾಗಿತ್ತು ಎಂದು ಆಮೇಲೆ ಮಸಾಯೆ ಹೇಳಿದಳು. ಸದ್ಯಕ್ಕೆ ಅವಳ ಕಣ್ಣು ಚಾಪೆಯ ಮೇಲಿತ್ತು.

ಮಸಾಯೆ: ಹಣ್ಣು ನೀವು ಸುಲಿದ್ರಿ, ಸರಿ. ಈ ಸಿಪ್ಪೆ?

ನಾನು: ಅದನ್ನು ಗುಡಿಸಲಾಗುವುದು.

ಮಸಾಯೆ ರಜಾಯಿಯಿಂದ ಕೈ ಹೊರಗೆ ತೆಗೆಯಲಿಲ್ಲ.

ಮಸಾಯೆ, ತೊಗಾಶಿ (ಒಟ್ಟಿಗೆ): ಯಾರಿಂದ?