ಬಾಯಿಗೊಂದು ಜಾಲರಿ

ಇಲಾಖೆಯ ಪತ್ರ ಬಂದು ಹತ್ತು ದಿನವಾಗಿತ್ತು. ಹಲ್ಲಣ್ಣ ಪ್ರತಿದಿನ ಅದನ್ನು ತೆಗೆದು, ತಪಾಸಣೆಯ ತಾರೀಖನ್ನಷ್ಟೇ ಓದಿ, ಸಂತೋಷಪಟ್ಟು ಮಡಿಸಿಡುತ್ತಿದ್ದ. ಕೊನೆಯ ಸಾಲನ್ನು ಓದಿದ್ದು ತಪಾಸಣೆಯ ದಿನ ಬೆಳಿಗ್ಗೆ. ‘ವಾಹನದ ಮುಂಭಾಗದ ತೆರಪಿಗೆ ಜಾಲರಿ ಇರತಕ್ಕದ್ದು. ಅದರೊಳಗೆ ಕಿರುಬೆರಳು ಹೋಗಕೂಡದು.’

ಅಧಿಕಾರಿ ಬರುವುದು ನಾಲ್ಕು ಗಂಟೆಗೆ.

ಹಲ್ಲಣ್ಣ ಎಂಬುದು ಬೀದಿಯವರು ಇಟ್ಟ ಹೆಸರು. ಹಲ್ಲು ಹೋದವರಿಗೆ ಹಲ್ಲಿನ ಸೆಟ್ಟು ಕಟ್ಟಿಕೊಡುವುದು ಅವನ ಕಸುಬು. ಹನ್ನೊಂದು ಮರದ ಪೆಟ್ಟಿಗೆಗಳಲ್ಲಿ ಬಿಡಿಬಿಡಿಯಾಗಿ ಬಂದ ಕಾರೊಂದನ್ನು ಅವನು ಆರು ವರ್ಷಗಳಿಂದ ಮನೆ ಹಿಂದಿನ ಶೆಡ್ಡಿನಲ್ಲಿ ಜೋಡಿಸುತ್ತಿದ್ದ. ಕೊನೆಯ ಪೆಟ್ಟಿಗೆಯಲ್ಲಿ ಜಾಲರಿ ಇರಬೇಕಿತ್ತು. ಅದರ ಬದಲು ಎರಡು ಕನ್ನಡಿಗಳಿದ್ದವು, ಎರಡೂ ಎಡಗಡೆಯವು.

ಇನ್ನೊಂದು ಕಡೆ, ಹೆಂಡತಿಯ ಸ್ವೆಟರ್ ಹೆಣೆಯುವ ಮಷೀನು ಶೆಡ್ಡು ಖಾಲಿಯಾಗಲೆಂದು ನಾಲ್ಕು ವರ್ಷಗಳಿಂದ ಮಲಗುವ ಕೋಣೆಯಲ್ಲಿ ಕಾದು ನಿಂತಿತ್ತು, ಅದೂ ಅವನು ಮಲಗುವ ಬದಿಯಲ್ಲೇ. ಹಾಸಿಗೆ ಸೇರಬೇಕಾದರೆ ಅವನು ಏಡಿಯ ಹಾಗೆ ಅಡ್ಡಡ್ಡ ನಡೆಯಬೇಕಿತ್ತು.

“ಇವತ್ತು ಪಾಸಾದ್ರೆ ಗಾಡಿ ನಂಬರ್ ಪ್ಲೇಟ್ ಹಾಕ್ಕೊಂಡು ಬೀದೀಲಿ ನಿಲ್ಲತ್ತೆ, ನನ್ನ ಮಷೀನು ಶೆಡ್ಡಿಗೆ ಹೋಗತ್ತೆ,” ಎಂದಳು ಹೆಂಡತಿ, ಪತ್ರವನ್ನು ಅವನ ಕೈಯಿಂದ ತೆಗೆದುಕೊಂಡು.

“ಆಗ್ಲಿಲ್ಲ ಅಂದ್ರೆ?”

“ಬಿಚ್ಚಿ ಮತ್ತೆ ಅದೇ ಹನ್ನೊಂದು ಪೆಟ್ಟಿಗೆಗೆ ತುಂಬ್ತೀರಿ. ನನ್ನ ಕೈ ಹಿಡಿದು ನೀವೇ ಕೊಟ್ಟ ಮಾತು ರೀ. ನಾನು ಕೇಳಿರಲಿಲ್ಲ.”

ಬಾನೆಟ್ಟಿನ ಮೂತಿಯಲ್ಲಿದ್ದ ಆ ತೆರಪು, ಅಂದರೆ ಕಾರಿನ ಬಾಯಿ, ಸುಮ್ಮನೆ ಅಳತೆಗೆ ಸಿಗುವಂಥದ್ದಲ್ಲ. ಮೇಲ್ತುಟಿ ಬಾಗಿತ್ತು, ಕೆಳತುಟಿ ಒಂದು ಕಡೆ ಜೋತಿತ್ತು. ಬೇರೆ ಯಾರಾದರೂ ಆಗಿದ್ದರೆ ರಟ್ಟು ಹಿಡಿದು ಗೆರೆ ಎಳೆಯುತ್ತಿದ್ದರು. ಹಲ್ಲಣ್ಣ ತನಗೆ ಗೊತ್ತಿದ್ದ ವಿದ್ಯೆಗೇ ಹೋದ. ಹಲ್ಲಿನ ಅಚ್ಚು ತೆಗೆಯುವ ಗುಲಾಬಿ ಹಿಟ್ಟಿನ ಡಬ್ಬಿಯನ್ನು ಪೂರ್ತಿ ಕಲಸಿ, ಕಾರಿನ ತುಟಿಯ ಸುತ್ತ ಬಳಿದು, ಬಾಯಿ ಕಡೆಗೆ ಬಗ್ಗಿ, ಅಭ್ಯಾಸಬಲದಿಂದ “ಅಲ್ಲಾಡಬೇಡಿ,” ಎಂದ.

ಪಕ್ಕದಮನೆಯ ಮುದಿ ಟೈಲರು ಬೇಲಿಯ ಮೇಲೆ ಗದ್ದವಿಟ್ಟು ನೋಡುತ್ತಿದ್ದರು. “ಜ್ವರ ಬಂದಿದ್ಯಾ ಅದಕ್ಕೆ?”

ಹಿಟ್ಟು ಗಟ್ಟಿಯಾಯಿತು. ಎಳೆದರೆ ಬರಲಿಲ್ಲ. ಹಲ್ಲಣ್ಣ ಬಂಪರಿಗೆ ಕಾಲು ಕೊಟ್ಟು ಎಳೆದ. ಹಿಂದಿನಿಂದ ಟೈಲರು ಬಂದು ಅವನ ಸೊಂಟ ಹಿಡಿದು ಎಳೆದರು. ಕಾರೇ ಒಂದು ಗೇಣು ಮುಂದೆ ಬಂತು.

“ಸ್ವಲ್ಪ ಸರೀರಿ,” ಎಂದು ಹೆಂಡತಿ ಬಂದು, ಕಾರಿನ ಬಾಯೊಳಗೆ ಕೈ ತೂರಿಸಿ ಬಲಗಡೆಗಿದ್ದ, ಬಾನೆಟ್ಟು ತೆರೆಯುವ ಉಂಗುರವನ್ನು ಜಗ್ಗಿದಳು. ಬಾನೆಟ್ಟು ಟಪ್ಪೆಂದು ತೆರೆಯಿತು. ಒಳಗಿನಿಂದ ಒಂದು ಗುದ್ದು ಕೊಟ್ಟಳು. ಅಚ್ಚು ಅಂಗಳಕ್ಕೆ ಬಿತ್ತು. “ಒಳಗಿಂದ ತಳ್ಳೋದು ಬಿಟ್ಟು ಹೊರಗಿಂದ ಕುಸ್ತಿ,” ಎಂದು ಗೊಣಗಿ, ಶೆಡ್ಡಿನ ಅಗಲವನ್ನು ಟೇಪಿನಲ್ಲಿ ಅಳೆಯತೊಡಗಿದಳು.

ಅಚ್ಚಿಗೆ ಪ್ಲಾಸ್ಟರು ಹೊಯ್ದದ್ದಾಯಿತು. ಮೂಲೆಮನೆಯ ಗೇಟು ಮಾಡುವವನು ತನ್ನಲ್ಲಿ ಉಳಿದಿದ್ದ ಸಣ್ಣ ಕಣ್ಣಿನ ಉಕ್ಕಿನ ಜಾಲರಿಯನ್ನು ಚಾಪೆಯಂತೆ ಸುತ್ತಿಕೊಂಡು ಬಂದ. ಬೀದಿಯಲ್ಲಿ ಯಾರ ಮನೆಯಲ್ಲಿ ಸುತ್ತಿಗೆಯ ಸದ್ದಾದರೂ ಅವನನ್ನು ಕರೆಯಬೇಕಾಗಿರಲಿಲ್ಲ.

ಜಾಲರಿ ಕತ್ತರಿಸುವಾಗ ಟೈಲರು ಹಲ್ಲಣ್ಣನ ಕೈ ಹಿಡಿದರು. “ಗೆರೆ ಮೇಲೇ ಕತ್ತರಿಸ್ತಿಯಲ್ಲಪ್ಪ. ಮಡಿಸೋಕೆ ಒಂದಿಂಚು ಬಿಡೋದಿಲ್ವಾ? ನಲವತ್ತು ವರ್ಷ ಕತ್ತರಿ ಹಿಡಿದವನು ಹೇಳ್ತಿದೀನಿ.”

ನಲವತ್ತು ವರ್ಷಕ್ಕೆ ಮರ್ಯಾದೆ ಕೊಟ್ಟು ಒಂದಿಂಚು ಬಿಟ್ಟ. ಜಾಲರಿ ಬಾಯಿಂದ ಉಬ್ಬಿ ಹೊರಬಂತು. ಯಾರದೋ ಸೆಟ್ಟನ್ನು ಅವಸರದಲ್ಲಿ ಹಾಕಿಕೊಂಡು ಹೊರಟವರಂತೆ ಕಾರು ಕಾಣುತ್ತಿತ್ತು. ಎರಡನೆಯ ತುಂಡನ್ನು ಸಿಟ್ಟಿನಲ್ಲಿ ತೀರಾ ಚಿಕ್ಕದಾಗಿ ಕತ್ತರಿಸಿದ್ದರಿಂದ ಅದು ಬಾಯಿಗೆ ಇಟ್ಟ ಕೂಡಲೇ ಒಳಗೆ ಜಾರಿ ರೇಡಿಯೇಟರಿನ ಮೇಲೆ ಮಲಗಿತು.

“ನುಂಗಿಬಿಡ್ತು,” ಎಂದರು ಟೈಲರು ಗಂಭೀರವಾಗಿ.

ಉಳಿದದ್ದು ಒಂದೇ ತುಂಡಿನಷ್ಟು ಜಾಲರಿ. ಗಂಟೆ ಎರಡೂವರೆ. ಹಲ್ಲಣ್ಣ ಇಬ್ಬರಿಗೂ ಬೆನ್ನು ಹಾಕಿ ಕೂತ. ಪ್ಲಾಸ್ಟರಿನ ಬಾಯಿಯ ಮೇಲೆ ಜಾಲರಿಯಿಟ್ಟು ಚಮಚದ ಹಿಂಬದಿಯಿಂದ ಅಂಗುಲ ಅಂಗುಲ ಒತ್ತಿದ. ಈ ಸಲ ಅದು ತುಟಿಗೆ ತುಟಿ ಸೇರಿಸಿದಂತೆ ಕೂತಿತು.

“ನಾಲ್ಕು ಸ್ಕ್ರೂ ಸಾಕು,” ಎಂದ ಹಲ್ಲಣ್ಣ.

“ಸ್ಕ್ರೂನಾ?” ಗೇಟಿನವನು ನಕ್ಕ. “ಹಲ್ಲಣ್ಣ, ಬೇಜಾರು ಮಾಡ್ಕೋಬೇಡ. ನಿನ್ನ ಕೆಲಸ ಎಲ್ಲಾ ತೆಗೆದು ಹಾಕೋ ಕೆಲಸ. ಬೆಳಿಗ್ಗೆ ಬಾಯಲ್ಲಿ, ಮಲಗೋವಾಗ ಲೋಟದಲ್ಲಿ. ನಾನು ಕೂರಿಸಿದ ಗೇಟು ಯಾವತ್ತಾದ್ರೂ ಕೈಗೆ ಬಂದಿದ್ದು ಉಂಟಾ?”

ಆ ಮಾತು ನಾಟಿತು. ಹೋದ ತಿಂಗಳಷ್ಟೇ ಶಾಲೆಯ ಸಮಾರಂಭದಲ್ಲಿ, ಅವನು ಕಟ್ಟಿಕೊಟ್ಟ ಸೆಟ್ಟು ಅತಿಥಿಯ ಭಾಷಣದ ನಡುವೆ ಮೈಕಿನ ಮೇಲೆ ಬಿದ್ದಿತ್ತು. ಆ ಸದ್ದನ್ನು ಇಡೀ ಬೀದಿ ಕೇಳಿತ್ತು.

“ಹಾಗಾದ್ರೆ ಬಿಚ್ಚೋಕೇ ಬಾರದ ಹಾಗೆ ರಿವೆಟ್ಟೇ ಹೊಡಿ,” ಎಂದ ಹಲ್ಲಣ್ಣ.

“ಎಷ್ಟು?”

“ನಿನ್ನ ಹತ್ರ ಎಷ್ಟಿದೆ?”

ಮೂವತ್ತೆರಡು ಇದ್ದವು. ಮೂವತ್ತೆರಡನ್ನೂ ಹೊಡೆದರು. ಅಲುಗಾಡದಿರಲೆಂದು ಬಾನೆಟ್ಟನ್ನು ಭದ್ರವಾಗಿ ಮುಚ್ಚಿಯೇ ಹೊಡೆದರು. ಗೇಟಿನವನು ಜಾಲರಿಯನ್ನು ಹಿಡಿದು ಜಗ್ಗಿದ. ಕಾರು ಅಲ್ಲಾಡಿತು, ಜಾಲರಿ ಅಲ್ಲಾಡಲಿಲ್ಲ. ಹಲ್ಲಣ್ಣನ ಕಣ್ಣು ಒದ್ದೆಯಾಯಿತು.

ನಾಲ್ಕಕ್ಕೆ ಸರಿಯಾಗಿ ಅಧಿಕಾರಿ ಬಂದರು. ತುಟಿ ಹೆಚ್ಚು ತೆರೆಯದೆ, ಎಣಿಸಿಟ್ಟ ಹಾಗೆ ಮಾತಾಡುವ ಮನುಷ್ಯ. ದೀಪ ನೋಡಿದರು, ಬ್ರೇಕು ನೋಡಿದರು, ಹಾರನ್ನು ಒತ್ತಿದರು. ಕಾರಿನ ಮುಂದೆ ಮಂಡಿಯೂರಿ ಕೂತು, ಕಿರುಬೆರಳನ್ನು ಜಾಲರಿಯ ಹತ್ತಾರು ಕಣ್ಣುಗಳಿಗೆ ಒತ್ತಿ ನೋಡಿದರು. ಎಲ್ಲೂ ಹೋಗಲಿಲ್ಲ.

“ಇಂಥ ಜಾಲರಿ ನಾನು ನೋಡಿಲ್ಲ,” ಎನ್ನುತ್ತ ಜಾಲರಿ ಪಾಸೆಂದು ಬರೆದುಕೊಂಡರು. ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ ಹೆಂಡತಿ ಮಷೀನಿನ ಮೇಲಿನ ಹೊದಿಕೆ ತೆಗೆಯಲು ಮನೆಯೊಳಗೆ ಹೊರಟಳು.

“ಇನ್ನೊಂದೇ ಒಂದು. ಎಂಜಿನ್ ನಂಬರ್. ಬಾನೆಟ್ ತೆಗೀರಿ.”

ಹಲ್ಲಣ್ಣ ಬಗ್ಗಿದ. ಆರು ವರ್ಷ ಪ್ರತಿದಿನ ಹೋದ ದಾರಿಯಲ್ಲೇ ಅವನ ಕೈ ಉಂಗುರದ ಕಡೆಗೆ ಹೋಯಿತು. ಬೆರಳುಗಳು ಜಾಲರಿಗೆ ತಗುಲಿ ನಿಂತವು. ಅವನು ಅವುಗಳನ್ನು ಅಲ್ಲಿಂದ ತೆಗೆಯಲಿಲ್ಲ.

“ಕಿರುಬೆರಳಲ್ಲಿ ಪ್ರಯತ್ನ ಮಾಡು,” ಎಂದರು ಟೈಲರು.

“ಹೋಗಲ್ಲ,” ಎಂದರು ಅಧಿಕಾರಿ. “ನಾನು ಬರೆದಾಗಿದೆ.”

ಹೆಂಡತಿ ಮಷೀನಿನ ಉದ್ದ ಸೂಜಿ ತಂದಳು. ಗೇಟಿನವನು ತಂತಿ ಬಗ್ಗಿಸಿ ಕೊಕ್ಕೆ ಮಾಡಿದ. ಕೊಕ್ಕೆ ಉಂಗುರವನ್ನು ಹಿಡಿಯಿತು, ಜಗ್ಗಿದ ಕೂಡಲೇ ನೆಟ್ಟಗಾಯಿತು. ಬಾನೆಟ್ಟು ತೆರೆಯಲು ಬೇರೆ ದಾರಿಯಿರಲಿಲ್ಲ, ಆ ಉಂಗುರ ನಾಲ್ಕು ಬೆರಳಿನ ಬಲ ಕೇಳುತ್ತಿತ್ತು. ಅಧಿಕಾರಿ ಗಡಿಯಾರ ನೋಡಿದರು. ಕೊನೆಗೆ ಹಲ್ಲಣ್ಣನೇ ಕತ್ತರಿ ತೆಗೆದುಕೊಂಡು, ಮುಖ ಪಕ್ಕಕ್ಕೆ ತಿರುಗಿಸಿ, ಅಂಗೈ ಅಗಲದ ತೂತು ಮಾಡಿ ಉಂಗುರ ಎಳೆದ.

ಅಧಿಕಾರಿ ನಂಬರು ಬರೆದುಕೊಂಡರು. ಬಾನೆಟ್ಟು ಮುಚ್ಚಿದರು. ಮತ್ತೆ ಮಂಡಿಯೂರಿ, ಮೊಣಕೈವರೆಗೆ ಕೈಯನ್ನು ತೂತಿನೊಳಗೆ ಬಿಟ್ಟು ಹೊರತೆಗೆದರು.

“ಜಾಲರಿ ಆಗಲೇ ನೋಡಿದ್ರಲ್ಲ ಸಾರ್,” ಎಂದ ಹಲ್ಲಣ್ಣ.

“ನಾನು ನೋಡಿದ ಜಾಲರಿ ಇದಲ್ಲ.”

ಮುಂದಿನ ತಪಾಸಣೆ ಎಂಟು ತಿಂಗಳ ನಂತರ. ಫೇಲೆಂದು ಬರೆದ ಹಾಳೆಯನ್ನು ಪುಸ್ತಕದಿಂದ ಹರಿದು ಕೊಟ್ಟು, ಅಧಿಕಾರಿ ಗೇಟಿನ ಹತ್ತಿರ ನಿಂತರು. “ನಿಮಗೆ ನನ್ನ ನೆನಪಿಲ್ಲ. ನಾಲ್ಕು ವರ್ಷದ ಹಿಂದೆ ನನಗೆ ಸೆಟ್ಟು ಕಟ್ಟಿಕೊಟ್ರಿ. ಬಿಗಿಯಾಗಿ ಕೂರಿಸಿ, ಬೀಳಬಾರದು ಅಂದೆ. ನೀವು ‘ಹಾಕೋದು ಯಾರ ಕೈಲಾದ್ರೂ ಆಗತ್ತೆ ಸಾರ್, ತೆಗೆಯೋಕೆ ಬರಬೇಕು’ ಅಂದ್ರಿ. ದೊಡ್ಡ ಮಾತು ಅಂತ ಮನೇಲೆಲ್ಲ ಹೇಳಿದ್ದೆ.” ತುಟಿ ಜೋಪಾನವಾಗಿ ಮುಚ್ಚಿಕೊಂಡು ಹೊರಟುಹೋದರು.

ಕೊಟ್ಟ ಮಾತು ಕೊಟ್ಟ ಮಾತೇ. ಬಿಚ್ಚುವ ಕೆಲಸಕ್ಕೂ ಟೈಲರೂ ಗೇಟಿನವನೂ ಕರೆಯದೆಯೇ ಬಂದು ನಿಂತರು. ಜೋಡಿಸುವಾಗಿನ ಜಗಳ ಬಿಚ್ಚುವಾಗ ಇರಲಿಲ್ಲ. ಎರಡು ದಿನದಲ್ಲಿ ಮಷೀನು ಶೆಡ್ಡು ಸೇರಿತು. ಶೆಡ್ಡಿನಲ್ಲಿ ಪೆಟ್ಟಿಗೆಗಳಿಗೆ ಜಾಗ ಉಳಿಯಲಿಲ್ಲ.

“ಮಲಗೋ ಕೋಣೇಲಿ ಈಗ ಜಾಗ ಇದೆಯಲ್ಲ,” ಎಂದಳು ಹೆಂಡತಿ.

ಹನ್ನೊಂದೂ ಅಲ್ಲಿಗೇ ಹೋದವು, ಅವನು ಮಲಗುವ ಬದಿಗೆ. ಜಾಲರಿ ಕೂತ ಮೇಲೆ ಬಾನೆಟ್ಟು ಮಾತ್ರ ಯಾವ ಪೆಟ್ಟಿಗೆಗೂ ಹಿಡಿಸದೆ, ಮೂವತ್ತೆರಡು ರಿವೆಟ್ಟಿನ ಹರಿದ ಬಾಯಿ ತೆರೆದುಕೊಂಡು ಗೋಡೆಗೆ ಒರಗಿತು. ಹಲ್ಲಣ್ಣ ಅದರ ಮುಂದೆ ಅಡ್ಡಡ್ಡ ನಡೆದು ಹಾಸಿಗೆ ಸೇರಿದ. ಏಡಿಯ ಆ ನಡಿಗೆಗೂ ಈಗ ಜಾಗ ಸಾಲದೆ ಹೊಟ್ಟೆ ಒಳಗೆಳೆದುಕೊಳ್ಳಬೇಕಿತ್ತು.