ಹಲ್ಲಿಮರಿಯ ಊಟೋಪಚಾರ

ನಮ್ಮ ಮನೆಯಲ್ಲಿ ಗಂಭೀರವಾಗಿ ಶುರುವಾದ ಕೆಲಸ ಯಾವುದೂ ಗಂಭೀರವಾಗಿ ಮುಗಿದದ್ದಿಲ್ಲ. ಹಲ್ಲಿ ಸಾಕಿದ್ದೂ ಹಾಗೇ.

ತೊಂಬತ್ತರ ದಶಕದ ಕೊನೆ. ಧಾರವಾಡದ ಕಡೆಯಿಂದ ಮದುವೆಯಾಗಿ ದಾಂಡೇಲಿಗೆ ಬಂದಿದ್ದೆ. ಗಂಡ ಕಾಗದದ ಮಿಲ್ಲಿಗೆ ಹೋದರೆ ಕ್ವಾರ್ಟರ್ಸಿನಲ್ಲಿ ನಾನು, ಅತ್ತೆ, ನಾದಿನಿ. ಮಧ್ಯಾಹ್ನಗಳು ಬಹಳ ಉದ್ದ. ನದಿಯ ಗಾಳಿಗೆ ಪರದೆ ಉಬ್ಬುತ್ತಿತ್ತು, ಇಳಿಯುತ್ತಿತ್ತು. ಮನೆಯೇ ನಿದ್ದೆಯಲ್ಲಿ ಉಸಿರಾಡಿದಂತೆ. ಅಂಥದೊಂದು ಹೊತ್ತಿನಲ್ಲಿ, ಆಗಷ್ಟೇ ತತ್ತಿಯೊಡೆದ ಹಲ್ಲಿಮರಿ ಕ್ಯಾಲೆಂಡರಿನ ಹಿಂದಿನಿಂದ ನನ್ನ ಅಂಗೈಗೆ ಬಿತ್ತು. ಬೆಳಕಿಗೆ ಹಿಡಿದರೆ ಮೈಯೊಳಗಿನ ಮಿಡಿತವೂ ಕಾಣುತ್ತಿತ್ತು. ಬಿಡಲು ಮನಸ್ಸಾಗಲಿಲ್ಲ.

೧. ಮೊದಲ ತುತ್ತು

ಅನ್ನದ ಅಗುಳಿಟ್ಟೆ, ಮೂಸಲಿಲ್ಲ. ಬೆಲ್ಲ ಇಟ್ಟೆ, ಇರುವೆಗಳು ಬಂದವು, ಮರಿ ಓಡಿತು.

"ಸುಮ್ನ ಬಿದ್ದಿದ್ದು ತಿನ್ನೂದಿಲ್ಲ ಅದು. ಅಲುಗಾಡಬೇಕು," ಎಂದರು ಅತ್ತೆ, ಬಾಗಿಲಲ್ಲೇ ನಿಂತು.

ನೊಣವೊಂದನ್ನು ದಾರಕ್ಕೆ ಸಡಿಲವಾಗಿ ಸಿಗಿಸಿ ಕುಣಿಸಿದೆ. ಮರಿ ಕನಸು ಕಂಡಂತೆ ನೋಡುತ್ತ ನಿಂತು, ಆಮೇಲೆ ಗಬಕ್ಕನೆ ನುಂಗಿತು. ಅಷ್ಟರಲ್ಲಿ ಡ್ಯೂಟಿಯಿಂದ ಬಂದ ನನ್ನವರು, "ನನಗ ಊಟಕ್ಕ ಬಡಸೂಮುಂದನೂ ಹಿಂಗ ಕುಣಸ್ತೀಯೇನು?" ಎಂದರು.

ಅತ್ತೆ ಒಳಗಿನಿಂದಲೇ, "ನಿನ್ನ ಕುಣಸಾಕ ದಾರ ಬೇಕಾಗೂದಿಲ್ಲ ಬಿಡಪಾ!"

೨. ದನದ ಡಾಕ್ಟರು

ಕೆಲವು ವಾರಗಳಲ್ಲಿ ಮರಿಯ ಕಾಲು ನಡುಗತೊಡಗಿದವು. ಗೋಡೆ ಹತ್ತುವುದು, ಜಾರುವುದು. ನಾನು ಅತ್ತುಬಿಟ್ಟೆ. ಅತ್ತೆ ಸಾಂಬ್ರಾಣಿ ಎಂಬ ಊರಿನ ತಮ್ಮ ತವರಿಗೆ ಹೋದಾಗ, ಎಮ್ಮೆ ನೋಡಲು ಬಂದಿದ್ದ ಡಾಕ್ಟರನ್ನು ಹಿಡಿದರಂತೆ.

"ಸಾಹೇಬ್ರ, ನಮ್ಮ ಮನ್ಯಾಗ ಸಣ್ಣದೊಂದೈತ್ರಿ. ಕಾಲು ನಡಗತಾವ."

"ಹಾಲು ಕುಡೀತೈತೇನ್ರಿ?"

"ಇಲ್ರಿ, ನೊಣ ತಿಂತೈತಿ."

ಡಾಕ್ಟರು ಎಮ್ಮೆ ಬಿಟ್ಟು ಅತ್ತೆಯ ನಾಡಿ ಹಿಡಿಯಲು ಬಂದರಂತೆ.

೩. ಪೌಡರು

ಹಲ್ಲಿಯೆಂದು ತಿಳಿದ ಮೇಲೆ ಅವರು ನಕ್ಕು, ಚೂರು ಕ್ಯಾಲ್ಸಿಯಂ ಪುಡಿ ಕಟ್ಟಿಕೊಟ್ಟರು. ಹುಳಕ್ಕೆ ಸವರಿ ತಿನ್ನಿಸಬೇಕು. ಅಂದಿನಿಂದ, ಮಾತೇ ಕಡಿಮೆಯಿದ್ದ ಅತ್ತೆ-ಸೊಸೆ ನಾವು ಎದುರುಬದುರು ಕೂತು ಜಿರಲೆಮರಿಗಳಿಗೆ ಪುಡಿ ಸವರತೊಡಗಿದೆವು. ಹೊರಗೆ ಬಿದಿರುಮೆಳೆ ಸುಯ್ಗುಡುತ್ತಿತ್ತು. ಹೆಪ್ಪು ಕೇಳಲು ಬಂದ ಪಕ್ಕದ ಮನೆಯಾಕೆ ಬಟ್ಟಲು ಹಿಡಿದು ಹಾಗೇ ನಿಂತಳು.

"ಯವ್ವಾ! ಜಿರಳಿಗೆ ಪೌಡರ್ ಹಚ್ಚಾಕತ್ತೀರಿ... ಎಲ್ಲಿಗೆ ಹೊಂಟೈತ್ರಿ ಅದು, ಮದ್ವಿಗೇನು?"

೪. ನಾದಿನಿಯನ್ನು ನೋಡಲು ಬಂದರು

ಮರಿಯ ಕಾಲು ಗಟ್ಟಿಯಾದವು. ಹುಳದ ಡಬ್ಬಿ ಟಕಟಕ ಎಂದರೆ ಸಾಕು, ಎಲ್ಲಿದ್ದರೂ ಇಳಿದು ಬರುತ್ತಿತ್ತು. ಆಗಲೇ ನಾದಿನಿಯನ್ನು ನೋಡಲು ಹಳಿಯಾಳದವರು ಬಂದರು. ಹಿಂದಿನ ಸಂಬಂಧ ತಪ್ಪಿಹೋಗಿತ್ತು. ಅತ್ತೆ ಚಹಾದ ಕಪ್ಪುಗಳನ್ನು ಮತ್ತೆ ಮತ್ತೆ ಸರಿಯಾಗಿ ಇಡುತ್ತಿದ್ದರು.

ವರನ ಸೋದರಮಾವ ತಂಬಾಕಿನ ಡಬ್ಬಿ ತೆಗೆದು ಟಕಟಕ ಬಡಿದರು. ಗೋಡೆಯಿಂದ ಸರಸರ ಇಳಿದ ಹಲ್ಲಿ ಅವರ ಬಲಭುಜವೇರಿ, ಮುಖ ನೋಡುತ್ತ ಬಾಯಿ ತೆರೆಯಿತು.

ಅತ್ತೆ ಗಾಬರಿಯಲ್ಲಿ, "ಹೆದರಬ್ಯಾಡ್ರಿ, ಬಲಭುಜದ ಮ್ಯಾಲ ಬಿದ್ರ ಶುಭರೀ!"

ಸೋದರಮಾವ ಅಲುಗಾಡದೆ, "ಬಿದ್ದಿಲ್ರಿ ಬಾಯಾರ, ಏರಿ ಬಂದೈತಿ. ಏರಿ ಬಂದ್ರ ಪಂಚಾಂಗದಾಗ ಏನೈತ್ರಿ?"

ತಲೆ ತಗ್ಗಿಸಿ ಕೂತಿದ್ದ ನಾದಿನಿ ಮೆಲ್ಲಗೆ, "ಹಸದೈತ್ರಿ," ಎಂದಳು.

ವರ ಫಕ್ಕನೆ ನಕ್ಕ. ಅವಳೂ ನಕ್ಕಳು. ಸೋದರಮಾವ ಇಬ್ಬರನ್ನೂ ನೋಡಿದರು, ಭುಜ ಮಾತ್ರ ಕಲ್ಲು.

"ಹುಡುಗಿ ನಮಗ ಒಪ್ಪಿಗಿ ಐತ್ರಿ. ಹಲ್ಲಿ ಮಾತ್ರ ತವರಮನ್ಯಾಗ ಇರ್ಲಿ."