ನನ್ನ ರಜೆ ಅರ್ಜಿ ಅಡುಗೆಮನೆಗೆ ಹೋದದ್ದು

ಕಡೂರಿನಲ್ಲಿ ನಮ್ಮ ಮನೆತನ ನಾಲ್ಕು ತಲೆಮಾರಿನದು. ನಮ್ಮ ತಾತ ಅಮಲ್ದಾರರ ಕಚೇರಿಯಲ್ಲಿ ಶಿರಸ್ತೇದಾರರು. ಅವರ ಕೈಯಲ್ಲಿ ಒಂದು ಖಾತೆಯೂ ತಪ್ಪು ಹೆಸರಿಗೆ ಏರಿದ್ದಿಲ್ಲ. ನಾನು ಕಾನ್ವೆಂಟಿನಲ್ಲಿ ಓದಿದವಳು, ತರೀಕೆರೆಯ ಆಸ್ಪತ್ರೆಯೊಂದರಲ್ಲಿ ಇಪ್ಪತ್ತು ವರ್ಷದಿಂದ ಮೇಟ್ರನ್. ಆದರೂ ಇಂಥ ಪ್ರಸಂಗಗಳು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಈ ಮೂರೂ ನಡೆದದ್ದು ಒಂದೇ ತಿಂಗಳಲ್ಲಿ, ಅದೂ ಕಾನ್ವೆಂಟಿನ ಹಳೆಯ ವಿದ್ಯಾರ್ಥಿನಿಯರ ಸಭೆ ಇದ್ದ ತಿಂಗಳಲ್ಲಿ. ನನಗೆ ಹೊಲಿಗೆ ಕಲಿಸಿದ ಸಿಸ್ಟರ್, ಈಗ ಕೋಲೂರಿ ನಡೆಯುವವರು, ಮುಂದಿನ ಸಾಲಿನಲ್ಲಿ ತಮ್ಮ ಪಕ್ಕದ ಕುರ್ಚಿ ನನಗೇ ಎಂದು ಹೇಳಿ ಕಳಿಸಿದ್ದರು.

೧. ಸೇರಿಸಿದ್ದು

ಆಸ್ಪತ್ರೆಯ ಎಲ್ಲರ ಹೆಸರು, ಹುದ್ದೆ, ಮೇಲಧಿಕಾರಿ ಯಾರೆಂಬುದನ್ನು ಡೈರೆಕ್ಟರಿ ಸರ್ವರ್ ಎಂಬ ಒಂದೇ ಕಂಪ್ಯೂಟರಿಗೆ ಏರಿಸಬೇಕೆಂದು ತೀರ್ಮಾನವಾಯಿತು. ಗುರುತಿನ ಚೀಟಿಯಿಂದ ರಜೆಯವರೆಗೆ ಎಲ್ಲವೂ ಇನ್ನು ಅದರಂತೆ. ಏರಿಸುವವರು ಯಗಟಿ ಕಡೆಯ, ನಡುವಯಸ್ಸಿನ ಕಂಪ್ಯೂಟರ್ ಆಪರೇಟರ್. ಅವರು ಮೌಸ್ ಮುಟ್ಟುವುದಿಲ್ಲ. ಕಪ್ಪು ಪರದೆಯ ಮೇಲೆ ಕಮಾಂಡ್ ಟೈಪ್ ಮಾಡುತ್ತಾರೆ. ಒಬ್ಬರನ್ನು ಸೇರಿಸುವಾಗ ಪಟ್ಟಿಯಲ್ಲಿ ಅವರಿಗಿಂತ ಹಿಂದಿನವರ ಫೈಲನ್ನೇ ನಕಲು ಮಾಡಿ ಹೆಸರು ತಿದ್ದುವುದು ಅವರ ಪದ್ಧತಿ. ನನಗಿಂತ ಹಿಂದಿನವಳು ಅಜ್ಜಂಪುರದಿಂದ ಬರುವ ಅಡುಗೆ ಸಹಾಯಕಿ.

ಹೀಗಾಗಿ ಚೀಟಿಯಲ್ಲಿ ಮುಖ ನನ್ನದು, ಹೆಸರು ನನ್ನದು, ಹುದ್ದೆ ಅವಳದು. ಗೇಟಿನ ಕಾವಲುಗಾರ ತಡೆದ.

"ಅಡುಗೆಯವ್ರು ಹಿಂದ್ಗಡೆ ಬಾಗ್ಲಿಂದ ಬರ್ಬೇಕು ಮೇಡಂ."

"ನಾನು ಯಾರು ಅಂತ ನಿನಗೆ ಗೊತ್ತಿಲ್ಲವೇ?"

"ಗೊತ್ತು. ಕಾರ್ಡಲ್ಲಿ ಇರೋದನ್ನ ಮಾತ್ರ ನಂಬು ಅಂತ ನೀವೇ ಹೇಳಿದ್ರಿ."

ಹಿಂದಿನ ಬಾಗಿಲಿಂದಲೇ ಹೋದೆ. ಮುಖ್ಯ ಅಡುಗೆಯಾಕೆ ನನ್ನ ಚೀಟಿ ನೋಡಿ, "ಬಾರವ್ವ, ಈರುಳ್ಳಿ ಹೆಚ್ಚು" ಎಂದು ಚಾಕು ಕೊಟ್ಟಳು. ಹೆಚ್ಚಿದೆ. ಎಲ್ಲ ಚೂರೂ ಒಂದೇ ಅಳತೆ.

೨. ಬದಲಿಸಿದ್ದು

ಹುದ್ದೆಯನ್ನು ಅಂದೇ ತಿದ್ದಿಸಿದೆ. "ಉಳಿದಿದ್ದೂ ಒಂದ್ಸಲ ನೋಡ್ಲಾ ಮೇಡಂ?" ಎಂದರು ಆಪರೇಟರ್. "ಹೇಳಿದಷ್ಟು ಮಾಡಿ" ಎಂದೆ.

ಮರುವಾರ ಹೊಸ ನರ್ಸ್ ಒಬ್ಬಳನ್ನು ಡ್ಯೂಟಿ ಸಂದೇಶದ ಪಟ್ಟಿಗೆ ಹಾಕಲು ಹೇಳಿದೆ. ಸೇರಿಸುವ ಕಮಾಂಡಿನ ಜಾಗದಲ್ಲಿ ಬದಲಿಸುವ ಕಮಾಂಡ್ ಕೊಟ್ಟರು. ಹಳಬರೆಲ್ಲ ಪಟ್ಟಿಯಿಂದ ಹೊರಗೆ, ಹೊಸಬಳು ಮಾತ್ರ ಒಳಗೆ. ಡ್ಯೂಟಿಗೆ ಬನ್ನಿ ಎಂಬ ಸಂದೇಶ ಹೋದದ್ದು ಅವಳಿಗೆ ಮಾತ್ರ. ಬೆಳಿಗ್ಗೆ ಲಕ್ಕವಳ್ಳಿ ಬಸ್ಸಿನಿಂದ ಇಳಿದು ಅವಳೊಬ್ಬಳೇ ಬಂದಳು.

"ಮೇಡಂ, ಮೂರು ವಾರ್ಡಿಗೂ ನಾನೊಬ್ಳೇನಾ?"

ಆಪರೇಟರನ್ನು ಕರೆಸಿದೆ. "ಅವ್ಳನ್ನ ಹಾಕಿ ಅಂದ್ರಿ, ಹಾಕ್ದೆ" ಎಂದರು. "ಬೇರೆಯೋರು ಇರ್ಲಿ ಅಂತ ನೀವು ಹೇಳ್ಲಿಲ್ವಲ್ಲ. ಹೇಳಿದಷ್ಟು ಮಾಡಿದೀನಿ."

೩. ಹಾಗೇ ಉಳಿದದ್ದು

ಸಭೆಗೆ ನಾಲ್ಕು ದಿನ ಇರುವಾಗ ರಜೆ ಅರ್ಜಿ ಹಾಕಿದೆ. ನನ್ನ ಹುದ್ದೆ ತಿದ್ದಿದ್ದರೂ, ಮೇಲಧಿಕಾರಿಯ ಸಾಲು ಆ ಸಹಾಯಕಿಯ ಫೈಲಿನಲ್ಲಿದ್ದಂತೆಯೇ ಉಳಿದಿತ್ತು. ಅರ್ಜಿ ನೇರ ಮುಖ್ಯ ಅಡುಗೆಯಾಕೆಯ ಮೊಬೈಲಿಗೆ ಹೋಯಿತು.

"ನನ್ ಸಾರು ಉಪ್ಪು ಅಂತ ದೂರಿನ ಪುಸ್ತಕದಲ್ಲಿ ಬರೆದಿದ್ದೀರಲ್ಲ ಮೇಡಂ, ಅದನ್ನ ಹೊಡೆದ್ಹಾಕಿ. ಈಗ್ಲೇ ರಜೆ ಕೊಡ್ತೀನಿ."

"ಸಾರು ಉಪ್ಪಾಗಿತ್ತು."

"ಹಂಗಾದ್ರೆ ರಜೆ ಇಲ್ಲ ಕಣ್ರೀ."

ಎರಡು ದಿನ ನಾವಿಬ್ಬರೂ ಜಗ್ಗಲಿಲ್ಲ. ಕೊನೆಗೆ ಆಪರೇಟರ್ ಬಳಿ ಹೋದೆ.

"ಒಂದೇ ಸಾಲಿನ ಕೆಲ್ಸ ಮೇಡಂ. ನಿಮ್ ಮೇಲೆ ಯಾರ್ನ ಹಾಕ್ಲಿ?"

"ಈ ಆಸ್ಪತ್ರೆಯಲ್ಲಿ ನನ್ನ ಮೇಲೆ ಯಾರೂ ಇಲ್ಲ."

"ಖಾಲಿ ಬಿಡಂಗಿಲ್ಲ. ನಿಮ್ಮನ್ನೇ ಹಾಕ್ತೀನಿ."

ಮತ್ತೆ ಅರ್ಜಿ ಹಾಕಿದೆ. ಅದು ನನ್ನ ಬಳಿಗೇ ಬಂತು. ಬೇರೆಯವರ ಅರ್ಜಿ ಓದುವಂತೆಯೇ ಕನ್ನಡಕ ಹಾಕಿಕೊಂಡು ಓದಿದೆ. ರಜೆಗೆ ಮೂರು ದಿನ ಮುಂಚೆ ಅರ್ಜಿ ಹಾಕಬೇಕೆಂಬುದು ನಾನೇ ಮಾಡಿದ ನಿಯಮ. ಉಳಿದಿದ್ದದ್ದು ಎರಡೇ ದಿನ. ಕಾರಣವೂ ತುರ್ತಿನದಲ್ಲ. ತಿರಸ್ಕರಿಸಿದೆ.

ಸಭೆಯಲ್ಲಿ ಸಿಸ್ಟರ್ ಪಕ್ಕದ ಕುರ್ಚಿಯಲ್ಲಿ ನನ್ನ ಬದಲು ಕೂತವಳು, ಶಾಲೆಯಲ್ಲಿ ಒಂದು ಹೊಲಿಗೆಯನ್ನೂ ನೇರವಾಗಿ ಹಾಕದವಳು.

ಆಪರೇಟರ್ ನನ್ನಲ್ಲಿ ಕ್ಷಮೆ ಕೇಳಬೇಕು.